ಮೂರು ದಿನಗಳಲ್ಲಿ ಪ್ರಾಗ್: ಇತಿಹಾಸದ ಮೇಷ್ಟರೊಬ್ಬರ ಪ್ರವಾಸಯೋಜನೆ

ನಮ್ಮ ಶಾಲೆಯಲ್ಲಿ ಓದಿ ಈಗ ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸಿನಲ್ಲೋ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಆಗಾಗ ಪತ್ರ ಬರೆಯುತ್ತಾರೆ. ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಶುಕ್ರವಾರದಿಂದ ಭಾನುವಾರದವರೆಗೆ ಬಿಡುವಿದೆ, ಪ್ರಾಗ್ ನಗರಕ್ಕೆ ಹೋಗಬೇಕೆಂದಿದ್ದೇವೆ, ಏನೇನು ನೋಡಬೇಕು ಸಾರ್, ಎಂಬುದು ಅವರ ಪ್ರಶ್ನೆ. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಒಂದೇ ಕಡೆ ವಿವರವಾಗಿ ಬರೆದಿಡುವುದು ಲೇಸೆಂದು ಈ ಪ್ರಬಂಧವನ್ನು ಬರೆಯುತ್ತಿದ್ದೇನೆ. ಆ ನಗರವನ್ನು ನಾನು ಕಂಡದ್ದು ಒಂದೇ ಬಾರಿ, 2019ರ ಮೇ ತಿಂಗಳಲ್ಲಿ. ಆದರೆ ತರಗತಿಯಲ್ಲಿ ಮೂವತ್ತು ವರ್ಷಗಳ ಯುದ್ಧವನ್ನು ಪಾಠ ಮಾಡುತ್ತಾ ಅದರ ಹೆಸರನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೆನೋ ಲೆಕ್ಕವಿಲ್ಲ.

ಪ್ರವಾಸಿ ಕೈಪಿಡಿಗಳು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಕೊಡುತ್ತವೆ. ಆ ಪಟ್ಟಿಯನ್ನು ಹಿಡಿದು ಓಡಿದವರು ಮೂರು ದಿನಗಳಲ್ಲಿ ಮೂವತ್ತು ಕಟ್ಟಡಗಳ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಹಿಂತಿರುಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಯಾವ ಚಿತ್ರ ಯಾವ ಕಟ್ಟಡದ್ದೆಂಬುದು ಮರೆತುಹೋಗಿರುತ್ತದೆ. ನನ್ನ ಸಲಹೆ ಇಷ್ಟೇ: ದಿನಕ್ಕೊಂದು ಪ್ರಶ್ನೆಯನ್ನು ಇಟ್ಟುಕೊಳ್ಳಿ. ಆ ಪ್ರಶ್ನೆಗೆ ಉತ್ತರ ಕೊಡುವ ಸ್ಥಳಗಳನ್ನು ಮಾತ್ರ ಅಂದು ನೋಡಿ. ಉಳಿದವು ಉಳಿಯಲಿ. ಪ್ರಾಗ್ ನಗರಕ್ಕೆ ಈ ಕ್ರಮ ವಿಶೇಷವಾಗಿ ಒಪ್ಪುತ್ತದೆ. ಏಕೆಂದರೆ ಯುದ್ಧಗಳಲ್ಲಿ ಯುರೋಪಿನ ಅನೇಕ ನಗರಗಳು ನೆಲಸಮವಾದರೂ ಈ ನಗರದ ಹಳೆಯ ಭಾಗ ಬಹುಮಟ್ಟಿಗೆ ಉಳಿದುಬಂದಿದೆ. 1992ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊರಡುವ ಮೊದಲು

ಜೆಕ್ ಗಣರಾಜ್ಯವು 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನೂ 2007ರ ಡಿಸೆಂಬರಿನಲ್ಲಿ ಷೆಂಗೆನ್ ವಲಯವನ್ನೂ ಸೇರಿತು. ಆದ್ದರಿಂದ ಜರ್ಮನಿಗೋ ಆಸ್ಟ್ರಿಯಾಕ್ಕೋ ಷೆಂಗೆನ್ ವೀಸಾದ ಮೇಲೆ ಬಂದ ತಂದೆತಾಯಿಗಳಿಗೆ ಅದರ ಅವಧಿಯೊಳಗೆ ಬೇರೆ ವೀಸಾ ಬೇಕಿಲ್ಲ. ಹಣ ಮಾತ್ರ ಬೇರೆ; ಅಲ್ಲಿ ಯೂರೋ ಅಲ್ಲ, ಕೊರುನಾ ಎಂಬ ನಾಣ್ಯ ನಡೆಯುತ್ತದೆ. ಟ್ರಾಮ್, ಮೆಟ್ರೋ, ಬಸ್ಸು ಮೂರಕ್ಕೂ ಒಂದೇ ಟಿಕೆಟ್ಟು. ಇಪ್ಪತ್ತನಾಲ್ಕು ಗಂಟೆಯದು, ಎಪ್ಪತ್ತೆರಡು ಗಂಟೆಯದು ಎಂದು ಬೇರೆ ಬೇರೆ ಟಿಕೆಟ್ಟುಗಳು ದೊರೆಯುತ್ತವೆ. ಕಾಗದದ ಟಿಕೆಟ್ಟನ್ನು ಕೊಂಡರೆ ಸಾಲದು, ಮೊದಲ ಪ್ರಯಾಣದಲ್ಲಿ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು.

ಬೀದಿಗಳಿಗೆಲ್ಲ ಕಲ್ಲಿನ ತುಂಡುಗಳನ್ನು ಹಾಸಿದ್ದಾರೆ. ಮೆತ್ತನೆಯ ಗಟ್ಟಿ ಅಡಿಯ ಬೂಟುಗಳಿಲ್ಲದಿದ್ದರೆ ನಮ್ಮಂಥ ವಯಸ್ಸಾದವರ ಮಂಡಿ ಮೊದಲ ಸಂಜೆಯೇ ದೂರು ಹೇಳುತ್ತದೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಅಥವಾ ಸೆಪ್ಟೆಂಬರ್ ತಿಂಗಳು ಹಿತವಾಗಿರುತ್ತದೆ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಕರಿದ ಗಿಣ್ಣು, ಆಲೂಗೆಡ್ಡೆ, ಸೂಪು, ಬ್ರೆಡ್ಡು ಎಲ್ಲ ಕಡೆ ಸಿಗುತ್ತವೆ. ಸೂಪಿನಲ್ಲಿ ಮಾಂಸದ ರಸ ಬೆರೆತಿದೆಯೇ ಎಂದು ಮಾತ್ರ ಕೇಳಿ ತಿಳಿಯಬೇಕು.

ದಿನಗಳ ಕ್ರಮ ಮುಖ್ಯ. ಯಹೂದಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಸ್ಥಳಗಳು ಸಬ್ಬತ್ ದಿನವಾದ ಶನಿವಾರ ಮುಚ್ಚಿರುತ್ತವೆ. ಕೋಟೆಯೊಳಗಿನ ಮಹಾ ಇಗರ್ಜಿಯಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದವರೆಗೆ ಪ್ರವೇಶವಿಲ್ಲ. ಹೀಗಾಗಿ ಶುಕ್ರವಾರ ಹಳೆಯ ಪಟ್ಟಣ ಮತ್ತು ಸೇತುವೆ, ಶನಿವಾರ ಕೋಟೆ, ಭಾನುವಾರ ಯಹೂದಿ ಕೇರಿ ಮತ್ತು ಹೊಸ ಪಟ್ಟಣ ಎಂಬ ಕ್ರಮ ಯೋಗ್ಯ. ಇದನ್ನು ಹಿಂದುಮುಂದು ಮಾಡಿಕೊಂಡರೆ ಮುಚ್ಚಿದ ಬಾಗಿಲುಗಳನ್ನು ನೋಡಿ ಬರಬೇಕಾಗುತ್ತದೆ.

ಮೊದಲ ದಿನ: ಕಥೆ ಯಾವುದು, ದಾಖಲೆ ಯಾವುದು?

ಪ್ರಾಗ್ ಹುಟ್ಟಿದ್ದು ವಲ್ಟಾವಾ ನದಿಯಿಂದ. ಸುಮಾರು 430 ಕಿಲೋಮೀಟರ್ ಉದ್ದದ ಈ ನದಿ ಆ ದೇಶದಲ್ಲೇ ಅತಿ ಉದ್ದವಾದದ್ದು. ಪ್ರಾಗ್ ದಾಟಿ ಉತ್ತರಕ್ಕೆ ಹರಿದು ಮೆಲ್ನಿಕ್ ಎಂಬಲ್ಲಿ ಎಲ್ಬ್ ನದಿಯನ್ನು ಸೇರುತ್ತದೆ. ಸಂಗೀತಗಾರ ಸ್ಮೆತಾನಾ 1874ರಲ್ಲಿ ಈ ನದಿಯ ಹೆಸರಿನಲ್ಲೇ ತನ್ನ ಪ್ರಸಿದ್ಧ ಕೃತಿಯನ್ನು ರಚಿಸಿದ. ಆ ವರ್ಷವೇ ಅವನ ಶ್ರವಣಶಕ್ತಿ ಪೂರ್ಣವಾಗಿ ನಶಿಸಿತ್ತೆಂಬುದನ್ನು ನೆನೆದರೆ ಮನಸ್ಸು ಮೂಕವಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಸೂರ್ಯೋದಯದ ಹೊತ್ತಿಗೆ ಚಾರ್ಲ್ಸ್ ಸೇತುವೆಯ ಮೇಲಿರಬೇಕು. ಒಂಬತ್ತು ಗಂಟೆಯಾದ ಮೇಲೆ ಅಲ್ಲಿ ಜನಸಂದಣಿಯ ಬೆನ್ನುಗಳ ಹೊರತು ಮತ್ತೇನೂ ಕಾಣದು. 12ನೇ ಶತಮಾನದಲ್ಲಿ ಕಟ್ಟಿದ್ದ ಜೂಡಿತ್ ಸೇತುವೆ 1342ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಬೊಹೀಮಿಯಾದ ದೊರೆಯೂ ಪವಿತ್ರ ರೋಮನ್ ಸಾಮ್ರಾಟನೂ ಆಗಿದ್ದ ನಾಲ್ಕನೆಯ ಚಾರ್ಲ್ಸ್ (1316–1378) 1357ರಲ್ಲಿ ಹೊಸ ಸೇತುವೆಗೆ ಅಡಿಗಲ್ಲಿಟ್ಟ. ಪೀಟರ್ ಪಾರ್ಲರ್ ಅದರ ಶಿಲ್ಪಿ. 516 ಮೀಟರ್ ಉದ್ದ, ಹದಿನಾರು ಕಮಾನುಗಳು. 1841ರವರೆಗೆ ಇಡೀ ನಗರಕ್ಕೆ ನದಿ ದಾಟಲು ಇದ್ದದ್ದು ಇದೊಂದೇ ಸೇತುವೆ. ಚಾರ್ಲ್ಸನ ಹೆಸರು ಅದಕ್ಕೆ ಬಂದದ್ದು ಮಾತ್ರ 1870ರಲ್ಲಿ; ಅದುವರೆಗೆ ಜನ ಅದನ್ನು ಕಲ್ಲುಸೇತುವೆ ಎಂದೇ ಕರೆಯುತ್ತಿದ್ದರು. 1890ರ ಪ್ರವಾಹದಲ್ಲಿ ಕೆಲವು ಕಮಾನುಗಳು ಕುಸಿದವು. 2002ರ ಆಗಸ್ಟಿನ ಮಹಾಪೂರದಲ್ಲಿ ನಗರದ ಮೆಟ್ರೋ ಸುರಂಗಗಳಿಗೇ ನೀರು ನುಗ್ಗಿದರೂ ಸೇತುವೆ ನಿಂತಿತು.

ಅಡಿಗಲ್ಲಿಟ್ಟ ಮುಹೂರ್ತದ ಬಗ್ಗೆ ಒಂದು ಸ್ವಾರಸ್ಯವನ್ನು ಅಲ್ಲಿನ ಮಾರ್ಗದರ್ಶಕರು ತಪ್ಪದೆ ಹೇಳುತ್ತಾರೆ. 1357ನೇ ವರ್ಷ, 9ನೇ ದಿನ, 7ನೇ ತಿಂಗಳು, 5 ಗಂಟೆ 31 ನಿಮಿಷ: ಅಂಕೆಗಳನ್ನು ಸಾಲಾಗಿ ಬರೆದರೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ವರ್ಷವನ್ನು ಇತಿಹಾಸ ಒಪ್ಪುತ್ತದೆ. ನಿಮಿಷದ ಲೆಕ್ಕವನ್ನು ಕಥೆಯೆಂದೇ ಕೇಳಿ ಆನಂದಿಸಬೇಕು. ಗಾರೆಗೆ ಕೋಳಿಮೊಟ್ಟೆ ಬೆರೆಸಿದರೆಂಬ ಕಥೆಯೂ ಇದೇ ಜಾತಿಯದು.

ಸೇತುವೆಯ ಮೇಲೆ ಮೂವತ್ತು ಪ್ರತಿಮೆಗಳಿವೆ. ಹಲವು ಈಗ ಪ್ರತಿಕೃತಿಗಳು. ಮೂಲಗಳನ್ನು ಮಳೆಗಾಳಿಯಿಂದ ರಕ್ಷಿಸಿ ಬೇರೆಡೆ ಇರಿಸಿದ್ದಾರೆ. ಅವುಗಳಲ್ಲಿ ಅತಿ ಹಳೆಯದು 1683ರಲ್ಲಿ ಸ್ಥಾಪಿಸಿದ ನೆಪೊಮುಕ್‌ನ ಸಂತ ಯೋಹಾನನ ಕಂಚಿನ ಮೂರ್ತಿ. ಪೀಠದ ಮೇಲಿನ ಉಬ್ಬುಚಿತ್ರ ಸಾವಿರಾರು ಕೈಗಳ ಸ್ಪರ್ಶದಿಂದ ಚಿನ್ನದಂತೆ ಹೊಳೆಯುತ್ತಿರುತ್ತದೆ. ರಾಣಿಯು ಪಾಪನಿವೇದನೆಯಲ್ಲಿ ಹೇಳಿದ ಗುಟ್ಟನ್ನು ರಾಜನಿಗೆ ತಿಳಿಸಲೊಪ್ಪದ ಕಾರಣ ಅವನನ್ನು ನದಿಗೆ ಎಸೆಯಲಾಯಿತೆಂಬುದು ಪ್ರಚಲಿತ ಕಥೆ. ದಾಖಲೆಗಳು ಹೇಳುವುದು ಬೇರೆ. ಅವನು ಪ್ರಾಗಿನ ಆರ್ಚ್‌ಬಿಷಪ್ಪನ ಉನ್ನತಾಧಿಕಾರಿ. ಕ್ಲಾದ್ರುಬಿ ಎಂಬ ಮಠದ ಅಧಿಪತಿಯ ನೇಮಕದ ವಿಷಯದಲ್ಲಿ ರಾಜ ನಾಲ್ಕನೆಯ ವೆನ್ಸೆಸ್ಲಾಸನಿಗೂ ಆರ್ಚ್‌ಬಿಷಪ್ಪನಿಗೂ ವಿರಸ ಬೆಳೆಯಿತು. ರಾಜನ ಕೋಪ ಈ ಅಧಿಕಾರಿಯ ಮೇಲೆ ತಿರುಗಿತು. 1393ರ ಮಾರ್ಚ್ 20ರಂದು ಅವನನ್ನು ಹಿಂಸಿಸಿ ಈ ಸೇತುವೆಯಿಂದ ನದಿಗೆ ಎಸೆದರು. 1729ರಲ್ಲಿ ಅವನಿಗೆ ಸಂತಪದವಿ ದೊರೆಯಿತು. ಕಥೆಯನ್ನು ನಂಬುವವರ ಶ್ರದ್ಧೆಗೆ ಚ್ಯುತಿ ತರುವುದು ನನ್ನ ಉದ್ದೇಶವಲ್ಲ. ಆಡಳಿತದ ಒಂದು ಜಗಳದಲ್ಲಿ ಪ್ರಾಣ ತೆತ್ತ ಅಧಿಕಾರಿ ಮೂರು ಶತಮಾನಗಳ ನಂತರ ಮೌನದ ಸಂತನಾದದ್ದು ಹೇಗೆಂಬುದೂ ಇತಿಹಾಸವೇ ಆಗಿದೆ.

ಸೇತುವೆಯಿಂದ ಹಳೆಯ ಪಟ್ಟಣದ ಕಡೆಗೆ ನಡೆದರೆ ಗೋಪುರವೊಂದು ಎದುರಾಗುತ್ತದೆ. ಅದರ ಪಟ್ಟಣದ ಕಡೆಯ ಮುಖದಲ್ಲಿ ಸುಂದರ ಶಿಲ್ಪಗಳಿವೆ, ನದಿಯ ಕಡೆಯ ಮುಖ ಬರಿದು. ಇದೇಕೆಂದು ಮಕ್ಕಳನ್ನು ಕೇಳಿ. ಉತ್ತರ ಎರಡನೆಯ ದಿನ ದೊರೆಯುತ್ತದೆ. ಮುಂದಿನ ಕಾರ್ಲೋವಾ ಬೀದಿಯಲ್ಲಿ ಯೋಹಾನೆಸ್ ಕೆಪ್ಲರ್ ವಾಸವಾಗಿದ್ದ. ಎರಡನೆಯ ರುಡಾಲ್ಫ್ ಚಕ್ರವರ್ತಿಯ ಆಸ್ಥಾನ ಪ್ರಾಗಿನಲ್ಲಿದ್ದ ಕಾಲವದು. ಟೈಕೋ ಬ್ರಾಹೆ ವರ್ಷಾನುಗಟ್ಟಲೆ ಬರಿಗಣ್ಣಿನಿಂದ ನೋಡಿ ಬರೆದಿಟ್ಟ ಗ್ರಹಗಳ ಸ್ಥಾನಗಳನ್ನು ಆಧರಿಸಿ ಕೆಪ್ಲರ್ ತನ್ನ ಮೊದಲ ಎರಡು ನಿಯಮಗಳನ್ನು ರೂಪಿಸಿ 1609ರಲ್ಲಿ ಪ್ರಕಟಿಸಿದ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಾವು ಓದಿದ ದೀರ್ಘವೃತ್ತ ಇಲ್ಲಿ ಸಿದ್ಧವಾದದ್ದು. 1601ರಲ್ಲಿ ತೀರಿಕೊಂಡ ಬ್ರಾಹೆಯ ಸಮಾಧಿ ಚೌಕದ ಬಳಿಯ ಟೀನ್ ಇಗರ್ಜಿಯಲ್ಲಿದೆ.

ಚೌಕದಲ್ಲಿ ಪುರಭವನದ ಖಗೋಳ ಗಡಿಯಾರವಿದೆ. ಗಂಟೆಗೊಮ್ಮೆ ಮೇಲಿನ ಕಿಟಕಿಗಳು ತೆರೆದು ಹನ್ನೆರಡು ಅಪೋಸ್ತಲರ ಬೊಂಬೆಗಳು ಹಾದುಹೋಗುತ್ತವೆ. ಅಸ್ಥಿಪಂಜರವೊಂದು ಗಂಟೆ ಬಾರಿಸುತ್ತದೆ. ಜನ ಬೊಂಬೆಗಳನ್ನು ನೋಡಿ ಚದುರುತ್ತಾರೆ. ನೀವು ಜನ ಚದುರಿದ ಮೇಲೆ ನಿಂತು ಮುಖಫಲಕವನ್ನು ಓದಿ. ಹೊರವರ್ತುಲದಲ್ಲಿ ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹೀಮಿಯನ್ ಗಂಟೆಗಳು, ಒಳಗೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಕಾಲವನ್ನು ಹನ್ನೆರಡಾಗಿ ವಿಭಾಗಿಸುವ ಗಂಟೆಗಳು, ಹನ್ನೆರಡು ರಾಶಿಗಳಲ್ಲಿ ಸೂರ್ಯಚಂದ್ರರ ಸ್ಥಾನಗಳು ಎಲ್ಲವೂ ಅಲ್ಲಿವೆ. ಪಂಚಾಂಗ ನೋಡಿ ಬೆಳೆದ ನಮ್ಮ ಹಿರಿಯರಿಗೆ ಅದು ಅಪರಿಚಿತವೆನಿಸಲಾರದು. ಇದನ್ನು ಮಾಡಿದ ಹನುಷ್ ಎಂಬ ಕುಶಲಿಯು ಬೇರೆಲ್ಲೂ ಇಂಥದನ್ನು ಮಾಡದಿರಲೆಂದು ಅವನ ಕಣ್ಣು ಕೀಳಿಸಿದರೆಂಬ ಕಥೆ ಅಲ್ಲಿ ಮನೆಮಾತು. ಆದರೆ 1410ರ ದಾಖಲೆಯ ಪ್ರಕಾರ ಗಡಿಯಾರವನ್ನು ಮಾಡಿದವನು ಕದಾನ್ ಊರಿನ ಮಿಕುಲಾಷ್. ಅವನ ಕಣ್ಣಿಗೆ ಯಾರೂ ಕೈ ಹಚ್ಚಿದ ಪುರಾವೆಯಿಲ್ಲ. ಅಪ್ರತಿಮ ಕಟ್ಟಡವನ್ನು ಕಟ್ಟಿದವನ ಕೈ ಕಡಿಸಿದ ಕಥೆ ನಮ್ಮಲ್ಲಿ ತಾಜಮಹಲಿಗೂ ಇದೆಯಷ್ಟೆ. ಕಥೆಗಳು ದೇಶ ದಾಟಿದರೂ ಸ್ವಭಾವ ಬದಲಿಸುವುದಿಲ್ಲ.

ಚೌಕದ ನಡುವೆ ಯಾನ್ ಹುಸ್‌ನ ಸ್ಮಾರಕವಿದೆ. 1915ರಲ್ಲಿ, ಅವನು ಮಡಿದ ಐನೂರನೆಯ ವರ್ಷದಲ್ಲಿ ಅನಾವರಣಗೊಂಡದ್ದು. ಹುಸ್ 1402ರಿಂದ ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಲ್ಯಾಟಿನ್ ಬದಲು ಜನರ ಜೆಕ್ ಭಾಷೆಯಲ್ಲಿ ಉಪದೇಶಿಸಿದ. ಚರ್ಚಿನ ಧನಲೋಭವನ್ನು ಖಂಡಿಸಿದ. ಜೆಕ್ ಅಕ್ಷರಗಳ ಮೇಲೆ ಇಂದು ಕಾಣುವ ಚಿಹ್ನೆಗಳ ಪದ್ಧತಿಗೆ ಮೂಲವಾದ ಬರೆಹದ ಗ್ರಂಥವೂ ಅವನದೇ ಎಂದು ಹೇಳಲಾಗುತ್ತದೆ. ರಕ್ಷಣೆಯ ಭರವಸೆ ಕೊಟ್ಟು ಅವನನ್ನು ಕಾನ್‌ಸ್ಟಾನ್ಸ್ ಧರ್ಮಸಭೆಗೆ ಕರೆಸಿ, 1415ರ ಜುಲೈ 6ರಂದು ಜೀವಂತವಾಗಿ ಸುಟ್ಟು, ಬೂದಿಯನ್ನು ರೈನ್ ನದಿಗೆ ಚೆಲ್ಲಿದರು. ಇಂದಿನ ಜೆಕ್ ರಾಷ್ಟ್ರಾಧ್ಯಕ್ಷರ ಧ್ವಜದ ಮೇಲಿರುವ ವಾಕ್ಯದ ಅರ್ಥ 'ಸತ್ಯ ಗೆಲ್ಲುತ್ತದೆ' ಎಂದು. ಅದರ ಹಿಂದೆ ಹುಸ್ ಪರಂಪರೆಯ ನೆನಪಿದೆ. ನಮ್ಮ ರಾಷ್ಟ್ರಲಾಂಛನದ ಕೆಳಗಿನ ವಾಕ್ಯದ ಅರ್ಥವೂ ಅದೇ ಎಂಬುದನ್ನು ಭಾರತೀಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ದಿನ: ಒಂದು ಜಗಳ ಮಹಾಯುದ್ಧವಾದದ್ದು ಹೇಗೆ?

ಶನಿವಾರ ಕೋಟೆಗೆ 22ನೇ ಸಂಖ್ಯೆಯ ಟ್ರಾಮಿನಲ್ಲಿ ಮೇಲೆ ಹೋಗಿ, ನಡೆಯುತ್ತ ಇಳಿದು ಬನ್ನಿ. ಹತ್ತುವ ಶ್ರಮ ಟ್ರಾಮಿನದು, ಇಳಿಯುವ ಸುಖ ನಮ್ಮದು. 9ನೇ ಶತಮಾನದ ಉತ್ತರಾರ್ಧದಲ್ಲಿ ಈ ಗುಡ್ಡದ ಮೇಲೆ ಕೋಟೆ ನೆಲೆಗೊಂಡಿತು. ಈಗಲೂ ರಾಷ್ಟ್ರಾಧ್ಯಕ್ಷರ ಕಾರ್ಯಾಲಯ ಅಲ್ಲಿದೆ. ಸಂತ ವೀಟಸ್ ಮಹಾ ಇಗರ್ಜಿಯ ಕೆಲಸ 1344ರಲ್ಲಿ ಆರಂಭವಾಗಿ 1929ರಲ್ಲಿ ಪೂರ್ಣಗೊಂಡಿತು, ಅಂದರೆ 585 ವರ್ಷಗಳು. ಪೂರ್ವಭಾಗ ಚಾರ್ಲ್ಸನ ಕಾಲದ್ದು, ಪಶ್ಚಿಮದ ಭಾಗ 19–20ನೇ ಶತಮಾನಗಳದ್ದು. ಎರಡರ ಕಲ್ಲನ್ನೂ ಕೆತ್ತನೆಯನ್ನೂ ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಇಲ್ಲಿ ತಪ್ಪದೆ ನೋಡಬೇಕಾದದ್ದು ಹಳೆಯ ಅರಮನೆಯಲ್ಲಿ, ಕುದುರೆಯೇರಿ ಕಾದಾಡುವ ಪಂದ್ಯಗಳು ನಡೆಯುತ್ತಿದ್ದ ವ್ಲಾದಿಸ್ಲಾವ್ ಸಭಾಂಗಣದ ಪಕ್ಕದ ಸಣ್ಣ ಕೋಣೆ. ಸಾಮಾನ್ಯ ಕಚೇರಿಯಂತೆ ಕಾಣುವ ಆ ಕೋಣೆಯ ಕಿಟಕಿಯಿಂದ 1618ರ ಮೇ 23ರಂದು ಪ್ರೊಟೆಸ್ಟೆಂಟ್ ಸರದಾರರು ಚಕ್ರವರ್ತಿಯ ಇಬ್ಬರು ಪ್ರತಿನಿಧಿಗಳಾದ ಸ್ಲಾವಾತಾ ಮತ್ತು ಮಾರ್ತಿನಿತ್ಸ್ ಎಂಬುವರನ್ನೂ ಅವರ ಕಾರ್ಯದರ್ಶಿ ಫಾಬ್ರಿಸಿಯಸ್‌ನನ್ನೂ ಹೊರಗೆ ಎಸೆದರು. ತಮಗೆ ಕೊಟ್ಟಿದ್ದ ಧರ್ಮಸ್ವಾತಂತ್ರ್ಯದ ವಚನವನ್ನು ಮುರಿದು ಪ್ರಾರ್ಥನಾಮಂದಿರಗಳನ್ನು ಮುಚ್ಚಿಸುತ್ತಿದ್ದಾರೆಂಬುದು ಅವರ ಆಕ್ರೋಶ. ಆಶ್ಚರ್ಯವೆಂದರೆ ಅಷ್ಟು ಎತ್ತರದಿಂದ ಬಿದ್ದ ಮೂವರೂ ಬದುಕಿದರು. ಮೇರಿಮಾತೆ ಕಾಪಾಡಿದಳೆಂದು ಕ್ಯಾಥೊಲಿಕರು, ಕೆಳಗೆ ತಿಪ್ಪೆಯಿತ್ತೆಂದು ವಿರೋಧಿಗಳು! ಫಾಬ್ರಿಸಿಯಸ್‌ನಿಗೆ ಮುಂದೆ ಚಕ್ರವರ್ತಿಯಿಂದ ಸರದಾರ ಪದವಿ ದೊರೆಯಿತು. ಬಿರುದಿನ ಅರ್ಥ 'ಎತ್ತರದಿಂದ ಬಿದ್ದವನು' ಎಂಬಂತಿದೆ.

ಇದನ್ನು ಹೇಳುವಾಗ ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು. ನಗು ಮುಗಿದ ಮೇಲೆ ಮುಂದಿನದನ್ನು ಹೇಳುತ್ತಿದ್ದೆ. ಈ ಕಿಟಕಿಯಿಂದ ಆರಂಭವಾದ ಯುದ್ಧ ಮೂವತ್ತು ವರ್ಷ ನಡೆದು ಮಧ್ಯ ಯುರೋಪಿನಲ್ಲಿ ಯುದ್ಧ, ಬರ, ರೋಗಗಳಿಂದ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. 1620ರ ನವೆಂಬರ್ 8ರಂದು ಪ್ರಾಗಿನ ಹೊರವಲಯದ ಬಿಳಿಗುಡ್ಡದಲ್ಲಿ ಬೊಹೀಮಿಯನ್ ಸೈನ್ಯ ಎರಡು ಗಂಟೆಗಳೊಳಗೆ ಸೋತಿತು. 1621ರ ಜೂನ್ 21ರಂದು ಹಳೆಯ ಪಟ್ಟಣದ ಚೌಕದಲ್ಲಿ ಇಪ್ಪತ್ತೇಳು ಮಂದಿ ಮುಖಂಡರ ವಧೆಯಾಯಿತು. ಅವರಲ್ಲೊಬ್ಬ ಯಾನ್ ಯೆಸೇನಿಯಸ್, ವಿಶ್ವವಿದ್ಯಾಲಯದ ಮುಖ್ಯಸ್ಥ. 1600ರಲ್ಲಿ ಪ್ರಾಗಿನಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಶವಚ್ಛೇದನ ಮಾಡಿ ತೋರಿಸಿದ ವೈದ್ಯ. ಮಾತಿನಿಂದ ಬಂಡಾಯಕ್ಕೆ ನೆರವಾದನೆಂದು ಮೊದಲು ಅವನ ನಾಲಗೆಯನ್ನು ಕತ್ತರಿಸಿದರು. ಹನ್ನೆರಡು ತಲೆಗಳನ್ನು ಸೇತುವೆಯ ಗೋಪುರದ ಮೇಲೆ ಹತ್ತು ವರ್ಷ ತೂಗುಹಾಕಿದ್ದರು. ಇಂದು ಪುರಭವನದ ಬಳಿ ನೆಲಹಾಸಿನಲ್ಲಿ ಇಪ್ಪತ್ತೇಳು ಬಿಳಿ ಶಿಲುಬೆಗಳಿವೆ. ಗಡಿಯಾರ ನೋಡಲು ಬಂದವರು ಅರಿಯದೆ ಅವುಗಳ ಮೇಲೆ ನಿಲ್ಲುತ್ತಾರೆ. ಕೋಟೆಯಿಂದ ಮರಳುವ ಸಂಜೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

1648ರಲ್ಲಿ ಸ್ವೀಡನ್ನಿನ ಸೈನ್ಯ ಕೋಟೆಯ ಭಾಗವನ್ನು ಹಿಡಿದು ಸೇತುವೆ ದಾಟಲು ಯತ್ನಿಸಿತು. ಪಟ್ಟಣಿಗರೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಸೇತುವೆಯನ್ನು ಕಾದರು. ಗೋಪುರದ ನದಿಯ ಮುಖದ ಶಿಲ್ಪಗಳು ನಾಶವಾದದ್ದು ಆ ಫಿರಂಗಿಗಳಿಂದ. ಮೂವತ್ತು ವರ್ಷದ ಯುದ್ಧ ಎಲ್ಲಿ ಆರಂಭವಾಯಿತೋ ಅದೇ ಊರಿನಲ್ಲಿ ಅದರ ಕೊನೆಯ ಕಾಳಗವೂ ನಡೆಯಿತು. ಈ ರಕ್ಷಣೆಯ ಕೃತಜ್ಞತೆಗೆ ಚೌಕದಲ್ಲಿ ನಿಲ್ಲಿಸಿದ ಮೇರಿಮಾತೆಯ ಕಂಬವನ್ನು 1918ರಲ್ಲಿ, ಸ್ವಾತಂತ್ರ್ಯ ಬಂದ ಕೆಲವೇ ದಿನಗಳಲ್ಲಿ, ಹ್ಯಾಬ್ಸ್‌ಬರ್ಗ್ ದಬ್ಬಾಳಿಕೆಯ ಗುರುತೆಂದು ಜನ ಉರುಳಿಸಿದರು. ನಾನು ಹೋದಾಗ ಅದು ಇರಲಿಲ್ಲ. 2020ರಲ್ಲಿ ಅದರ ಪ್ರತಿಕೃತಿಯನ್ನು ಮತ್ತೆ ನಿಲ್ಲಿಸಿದ್ದಾರೆ. ಒಂದೇ ಚೌಕದಲ್ಲಿ ಹುಸ್, ಮೇರಿಕಂಬ, ಇಪ್ಪತ್ತೇಳು ಶಿಲುಬೆ ಮೂರೂ ಇರುವುದನ್ನು ನೋಡಿದಾಗ, ಗತಕಾಲದ ಬಗ್ಗೆ ಒಂದೇ ಊರಿನವರಿಗೂ ಒಮ್ಮತವಿರುವುದಿಲ್ಲವೆಂಬುದು ಅರ್ಥವಾಗುತ್ತದೆ. ಕೆಡವಿದ್ದನ್ನು ಕಟ್ಟಬೇಕೇ, ಕಟ್ಟಿದ್ದನ್ನು ಕೆಡವಬೇಕೇ ಎಂಬ ಚರ್ಚೆ ನಮಗೂ ಹೊಸದಲ್ಲ. ಮೂರನ್ನೂ ಉಳಿಸಿಕೊಂಡು ಮೂರರ ಕಥೆಯನ್ನೂ ಮಕ್ಕಳಿಗೆ ಹೇಳುವುದು ಮೇಲೆಂದು ನನ್ನ ಭಾವನೆ.

ಬಿಳಿಗುಡ್ಡದ ಸೋಲಿನ ಪರಿಣಾಮವಾಗಿ ದೇಶ ಬಿಟ್ಟವರಲ್ಲಿ ಯಾನ್ ಆಮೋಸ್ ಕೊಮೆನಿಯಸ್ (1592–1670) ಒಬ್ಬ. ಬಿ.ಎಡ್. ಓದಿದ ಯಾವ ಶಿಕ್ಷಕನೂ ಈ ಹೆಸರನ್ನು ಮರೆಯಲಾರ. ಶಿಕ್ಷಣ ಎಲ್ಲರಿಗೂ ಬೇಕು, ಹೆಣ್ಣುಮಕ್ಕಳಿಗೂ ಬಡವರಿಗೂ ಬೇಕು, ಹೆದರಿಸದೆ ಕಲಿಸಬೇಕು, ವಸ್ತುವನ್ನು ತೋರಿಸಿ ಪದವನ್ನು ಕಲಿಸಬೇಕು ಎಂದು ಸಾರಿದವನು ಅವನು. ಪಿಡುಗಿನಲ್ಲಿ ಹೆಂಡತಿಯನ್ನೂ ಮಕ್ಕಳನ್ನೂ ಕಳೆದುಕೊಂಡು, 1628ರಲ್ಲಿ ತಾಯ್ನಾಡನ್ನು ತೊರೆದು, ಮತ್ತೆ ಅಲ್ಲಿ ನೆಲೆಸಲಾಗದೆ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡ. ಅಲೆಮಾರಿ ಬದುಕಿನ ನಡುವೆಯೇ 1658ರಲ್ಲಿ ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕವನ್ನು ಪ್ರಕಟಿಸಿದ. ಚಿತ್ರವಿರುವ ಪ್ರತಿಯೊಂದು ಒಂದನೆಯ ತರಗತಿಯ ಪುಸ್ತಕವೂ ಅದರ ಸಂತತಿಯೇ. ಅವನ ಜನ್ಮದಿನವಾದ ಮಾರ್ಚ್ 28 ಆ ದೇಶದಲ್ಲಿ ಶಿಕ್ಷಕರ ದಿನ. ಕೋಟೆಯಿಂದ ಕೆಳಗಿಳಿದರೆ ಸಿಗುವ ಮಾಲಾ ಸ್ತ್ರಾನಾ ಭಾಗದ ವಾಲ್ಡ್‌ಸ್ಟೈನ್ ಬೀದಿಯಲ್ಲಿ ಅವನ ಹೆಸರಿನ ಶಿಕ್ಷಣ ವಸ್ತುಸಂಗ್ರಹಾಲಯವಿದೆ. ಅಲ್ಲಿ ಜನಸಂದಣಿಯಿರಲಿಲ್ಲ. ಮೇಷ್ಟರ ಮನೆತನದವರು ಯಾರಾದರೂ ಹೋದರೆ ಅಲ್ಲೊಂದು ಗಂಟೆ ಕಳೆಯಲಿ.

ಮೂರನೆಯ ದಿನ: ಹೆಸರುಗಳನ್ನು ಉಳಿಸುವವರು ಯಾರು?

ಭಾನುವಾರ ಬೆಳಿಗ್ಗೆ ಯೋಸೆಫೊವ್ ಎಂಬ ಯಹೂದಿ ಕೇರಿಗೆ ಹೋಗಬೇಕು. ಸುಮಾರು 1270ರಲ್ಲಿ ಕಟ್ಟಿದ ಹಳೆ-ಹೊಸ ಸಿನಗಾಗ್ ಇಂದಿಗೂ ಪ್ರಾರ್ಥನೆ ನಡೆಯುವ ಯುರೋಪಿನ ಅತಿ ಹಳೆಯ ಸಿನಗಾಗ್‌ಗಳಲ್ಲಿ ಒಂದು. ಪಕ್ಕದ ಸ್ಮಶಾನದಲ್ಲಿ 1439ರಿಂದ 1787ರವರೆಗಿನ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಯಹೂದಿಗಳಿಗೆ ಬೇರೆ ಜಾಗ ಸಿಗದೆ ಸಮಾಧಿಯ ಮೇಲೆ ಮಣ್ಣು ಹಾಕಿ ಮತ್ತೆ ಸಮಾಧಿ ಮಾಡುತ್ತ ಹೋದುದರಿಂದ ನೆಲವೇ ಎತ್ತರವಾಗಿದೆ. ಹಳೆಯ ಕೇರಿಯ ಬಹುಭಾಗವನ್ನು 1890ರ ದಶಕದಿಂದ ನಗರಸುಧಾರಣೆಯ ಹೆಸರಿನಲ್ಲಿ ಕೆಡವಲಾಯಿತು. ಕಾಫ್ಕಾ ಬೆಳೆದದ್ದು ಈ ಬದಲಾವಣೆಯ ನಡುವೆ.

ಸ್ಮಶಾನದ ಬದಿಯ ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳ ಕಾಲದಲ್ಲಿ ಬಲಿಯಾದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಊರು, ಮನೆತನ, ಹೆಸರು, ಹುಟ್ಟಿದ ದಿನ, ಕೊನೆಯ ದಿನ, ಮತ್ತೇನೂ ಇಲ್ಲ. 1950ರ ದಶಕದಲ್ಲಿ ಇಬ್ಬರು ಚಿತ್ರಕಾರರು ಬರೆದಿದ್ದ ಅಕ್ಷರಗಳು 1968ರ ನಂತರ ಸಿನಗಾಗ್ ಮುಚ್ಚಿದ್ದಾಗ ತೇವದಿಂದ ಹಾಳಾದವು. 1989ರ ಬಳಿಕ ಎಲ್ಲ ಹೆಸರುಗಳನ್ನೂ ಮತ್ತೊಮ್ಮೆ ಬರೆದರು.

ಮಹಡಿಯ ಮೇಲೆ ಮಕ್ಕಳ ಚಿತ್ರಗಳಿವೆ. ಪ್ರಾಗಿನಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ತೆರೆಜಿನ್ ಪಟ್ಟಣವನ್ನು ನಾಜಿಗಳು 1941ರಲ್ಲಿ ಯಹೂದಿಗಳನ್ನು ಕೂಡಿಹಾಕುವ ಗೆಟ್ಟೋ ಮಾಡಿದರು. ವಿಯೆನ್ನಾದಲ್ಲಿ ಹುಟ್ಟಿ ಬೌಹೌಸ್ ಶಾಲೆಯಲ್ಲಿ ಕಲಿತ ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆಯನ್ನು 1942ರ ಡಿಸೆಂಬರಿನಲ್ಲಿ ಅಲ್ಲಿಗೆ ಸಾಗಿಸಿದರು. ಅಲ್ಲಿನ ಮಕ್ಕಳಿಗೆ ಆಕೆ ಗುಟ್ಟಾಗಿ ಚಿತ್ರಕಲೆಯ ಪಾಠ ಹೇಳಿದಳು. ಸಿಕ್ಕ ರದ್ದಿ ಕಾಗದ, ಕಚೇರಿಯ ನಮೂನೆಗಳ ಹಿಂಬದಿ, ಹರಕು ಬಣ್ಣದ ಹಾಳೆಗಳ ಅಂಟುಚಿತ್ರ, ಏನಾದರೂ ಸರಿ. ಕೈದಿಗಳಿಗೆ ಸಂಖ್ಯೆಯೇ ಗುರುತಾಗಿದ್ದ ಆ ಜಾಗದಲ್ಲಿ ಪ್ರತಿ ಚಿತ್ರದ ಮೇಲೂ ಮಕ್ಕಳು ತಮ್ಮ ಹೆಸರು ಬರೆಯಬೇಕೆಂದು ಆಕೆ ಹೇಳುತ್ತಿದ್ದಳು. 1944ರ ಅಕ್ಟೋಬರಿನಲ್ಲಿ ಆಶ್ವಿಟ್ಸ್‌ಗೆ ಒಯ್ದು ಆಕೆಯನ್ನು ಕೊಂದರು. ಹೊರಡುವ ಮೊದಲು ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಟ್ಟಿದ್ದಳು. ಬಹುಪಾಲು ಮಕ್ಕಳು ಉಳಿಯಲಿಲ್ಲ, ಚಿತ್ರಗಳು ಉಳಿದವು. ಮನೆ, ಹೂವು, ಚಿಟ್ಟೆ, ಊಟದ ಮೇಜು, ಬಂಕು ಹಾಸಿಗೆ, ಸಾಲಾಗಿ ನಿಂತ ಜನ.

ಮೂರು ದಶಕಗಳ ಕಾಲ ಹಾಜರಿ ಪುಸ್ತಕದಲ್ಲಿ ಹೆಸರು ಕರೆದವನಿಗೆ ಆ ಚಿತ್ರಗಳ ಮುಂದೆ ನಿಲ್ಲುವುದು ಸುಲಭವಲ್ಲ. ಕೆಳಗೆ ಬರೆದ ಹೆಸರುಗಳನ್ನು ಒಂದೊಂದಾಗಿ, ಉಚ್ಚಾರ ಬಂದ ಮಟ್ಟಿಗೆ, ಮೆಲ್ಲನೆ ಓದಿದೆ. ಶಿಕ್ಷಕ ವೃತ್ತಿಯ ಬಗ್ಗೆ ನಾನು ಕೇಳಿದ ಭಾಷಣಗಳೆಲ್ಲವೂ ಆ ಎರಡು ಸೂಟ್‌ಕೇಸುಗಳ ಮುಂದೆ ಹಗುರವೆನಿಸಿದವು. ಬೇರೆಲ್ಲವನ್ನೂ ಬಿಟ್ಟರೂ ಚಿಂತೆಯಿಲ್ಲ, ಈ ಮಹಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಂದು ಬರೆಯುವುದು ಈ ಪ್ರಬಂಧದ ಮುಖ್ಯ ಉದ್ದೇಶ. ತೀರ ಚಿಕ್ಕ ಮಕ್ಕಳಾದರೆ ಚಿತ್ರಗಳನ್ನು ತೋರಿಸಿ ಸಾಕು. ದೊಡ್ಡವರಾದ ಮೇಲೆ ಅವರೇ ಕೇಳುತ್ತಾರೆ.

ಮಧ್ಯಾಹ್ನ ಹೊಸ ಪಟ್ಟಣಕ್ಕೆ ಬನ್ನಿ. ಹೊಸದೆಂದರೆ 1348ರದು, ಅದೇ ವರ್ಷ ಚಾರ್ಲ್ಸ್ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ರೆಸ್ಲೋವಾ ಬೀದಿಯ ಸಂತ ಸಿರಿಲ್ ಮತ್ತು ಮೆಥೋಡಿಯಸ್ ಇಗರ್ಜಿಯ ನೆಲಮಾಳಿಗೆಯ ಕಿಂಡಿಯ ಸುತ್ತ ಗುಂಡಿನ ಗುರುತುಗಳಿವೆ. 1942ರ ಮೇ 27ರಂದು ನಾಜಿ ಅಧಿಕಾರಿ ಹೈಡ್ರಿಕ್‌ನ ಮೇಲೆ ದಾಳಿ ಮಾಡಿದ ಪ್ಯಾರಾಚೂಟ್ ಸೈನಿಕರು ಸಂಗಾತಿಗಳೊಡನೆ, ಒಟ್ಟು ಏಳು ಮಂದಿ, ಇಲ್ಲಿ ಅಡಗಿದ್ದರು. ಜೂನ್ 18ರಂದು ಸುತ್ತುವರಿದಾಗ ಹೋರಾಡುತ್ತಲೇ ಮಡಿದರು. ಅದಕ್ಕೆ ಮೊದಲೇ, ಪ್ರತೀಕಾರವಾಗಿ ಲಿದಿತ್ಸೆ ಎಂಬ ಇಡೀ ಹಳ್ಳಿಯನ್ನು ನೆಲಸಮ ಮಾಡಲಾಗಿತ್ತು.

ಅಲ್ಲಿಂದ ವೆನ್ಸೆಸ್ಲಾಸ್ ಚೌಕ. 1968ರ ಆಗಸ್ಟ್ 21ರಂದು ಸೋವಿಯೆತ್ ನೇತೃತ್ವದ ಟ್ಯಾಂಕುಗಳು ಈ ನಗರದ ಬೀದಿಗಳಿಗೆ ನುಗ್ಗಿದವು. ಮುಂದಿನ ಜನವರಿ 16ರಂದು ಯಾನ್ ಪಾಲಖ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಜನರ ನಿರಾಸೆಯನ್ನು ಕಂಡು ತಾಳಲಾರದೆ ಇಲ್ಲಿ ಆತ್ಮಾಹುತಿ ಮಾಡಿಕೊಂಡ. ಆ ಮಾರ್ಗವನ್ನು ಯಾವ ಯುವಕನಿಗೂ ಯಾರೂ ಹೇಳಬಾರದು. ಆದರೆ ಆ ಹುಡುಗನನ್ನು ಮರೆಯಲೂ ಬಾರದು. 1989ರ ನವೆಂಬರ್ 17ರಂದು ನಾರೋದ್ನಿ ಬೀದಿಯಲ್ಲಿ ಮೆರವಣಿಗೆ ಹೊರಟ ವಿದ್ಯಾರ್ಥಿಗಳನ್ನು ಪೊಲೀಸರು ಥಳಿಸಿದರು. ಅದರ ನೆನಪಿಗೆ ಅಲ್ಲಿ ಮೇಲಕ್ಕೆತ್ತಿದ ಕೈಗಳ ಚಿಕ್ಕ ಕಂಚಿನ ಸ್ಮಾರಕವಿದೆ. ಆರು ವಾರಗಳಲ್ಲಿ ಆಡಳಿತ ಬದಲಾಗಿ, ಸೆರೆಮನೆಯಲ್ಲಿದ್ದು ಬಂದ ನಾಟಕಕಾರ ವಾತ್ಸ್ಲಾವ್ ಹಾವೆಲ್ ಡಿಸೆಂಬರ್ 29ರಂದು ರಾಷ್ಟ್ರಾಧ್ಯಕ್ಷರಾದರು. 1648ರಲ್ಲಿ ಸೇತುವೆ ಕಾದವರಲ್ಲೂ 1989ರಲ್ಲಿ ಬೀದಿಗಿಳಿದವರಲ್ಲೂ ವಿದ್ಯಾರ್ಥಿಗಳಿದ್ದರೆಂಬುದು ಗಮನಿಸಬೇಕಾದ ಅಂಶ.

ನಮ್ಮ ಊರಿಗೊಂದು ನಂಟು

ಪ್ರಾಗ್ ಎಂದರೆ ನಮಗೇನು ಎಂದು ಮೈಸೂರಿನ ಕಡೆಯವರು ಕೇಳಲಾರರು. 1929ರಲ್ಲಿ ಪ್ರಾಗಿನ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ವಿನ್ಯಾಸ ಪಡೆದು ಮೋಟಾರ್‌ಸೈಕಲ್ ತಯಾರಿಸತೊಡಗಿದ. ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದಾಗ ಬಂದದ್ದು 'ಜಾವಾ'. ಅದೇ ಜಾವಾ 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು. 1973ರಿಂದ ಯೆಜ್ದಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನನ್ನ ಬಾಲ್ಯದಲ್ಲಿ ಹೆಡ್‌ಮಾಸ್ಟರರ ಜಾವಾದ ಸದ್ದು ಬೀದಿಯ ತುದಿಯಲ್ಲಿ ಕೇಳಿದೊಡನೆ ಗದ್ದಲ ನಿಂತುಹೋಗುತ್ತಿತ್ತು. ವಲ್ಟಾವಾ ತೀರದ ಯಂತ್ರವೊಂದು ಕಾವೇರಿ ಸೀಮೆಯ ಹುಡುಗರನ್ನು ಶಿಸ್ತಿಗೆ ತಂದದ್ದು ಹೀಗೆ. ಇನ್ನೊಂದು ನಂಟು ರವೀಂದ್ರನಾಥ ಠಾಕೂರರದು. ಅವರು 1921 ಮತ್ತು 1926ರಲ್ಲಿ ಪ್ರಾಗಿಗೆ ಹೋಗಿದ್ದರು. ದೆಯ್ವಿತ್ಸೆ ಬಡಾವಣೆಯಲ್ಲಿ ಅವರ ಹೆಸರಿನ ಬೀದಿಯಿದೆ. ಸಮಯ ಮಿಕ್ಕರೆ ಹೋಗಬಹುದು.

ಇಷ್ಟನ್ನು ಮೂರು ದಿನಗಳಲ್ಲಿ ನೋಡಲು ಸಾಧ್ಯವೇ ಎಂದರೆ, ದಿನಕ್ಕೆ ನಾಲ್ಕೈದು ಕಿಲೋಮೀಟರ್ ನಡೆಯಬಲ್ಲವರಿಗೆ ಖಂಡಿತ ಸಾಧ್ಯ. ಆಗದಿದ್ದರೆ ಮೊದಲ ದಿನದಿಂದ ಗಡಿಯಾರವನ್ನೂ ಎರಡನೆಯ ದಿನದಿಂದ ಮಹಾ ಇಗರ್ಜಿಯನ್ನೂ ಬಿಡಬಹುದು. ಅವುಗಳ ಚಿತ್ರಗಳು ಎಲ್ಲೆಡೆ ಸಿಗುತ್ತವೆ. ಕಚೇರಿಯಂತಿರುವ ಆ ಸಣ್ಣ ಕೋಣೆಯ ಕಿಟಕಿ, ನೆಲದ ಇಪ್ಪತ್ತೇಳು ಶಿಲುಬೆಗಳು, ಪಿಂಕಾಸ್‌ನ ಮಹಡಿ ಈ ಮೂರನ್ನು ಮಾತ್ರ ಬಿಡಬೇಡಿ. ಹೋಗುವ ಮುನ್ನ ಒಂದು ವಾರ ದಿನಕ್ಕೆ ಅರ್ಧ ಗಂಟೆ ಆ ನಗರದ ಚರಿತ್ರೆಯನ್ನು ಮನೆಮಂದಿ ಕೂಡಿ ಓದಿ; ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಸ್ಥಳವನ್ನು ಹಂಚಿಕೊಟ್ಟು, ಅಲ್ಲಿ ನಿಂತಾಗ ಉಳಿದವರಿಗೆ ಅವರೇ ವಿವರಿಸುವಂತೆ ಮಾಡಿ. ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳೇ ಕನ್ನಡದಲ್ಲಿ ಹುಸ್‌ನ ಕಥೆ ಹೇಳಿದರೆ ಪ್ರವಾಸದ ಖರ್ಚು ಅಲ್ಲಿಗೆ ಸಾರ್ಥಕ.